ಯಾವೂರು, ಯಾರ ಪೈಕಿ?

ಕೆ.ಆರ್. ನಗರದಲ್ಲಿ ಭೇರ್ಯ ಕಡೆಯ ಬಸ್ಸು ಹತ್ತಿ ಕೂತರೆ, ಬಸ್ಸು ಊರು ಬಿಡುವ ಮೊದಲೇ ಪಕ್ಕದ ಸೀಟಿನವರು ಕೇಳುತ್ತಾರೆ: "ಯಾವೂರಾಯ್ತು ತಮ್ದು?" ಸಾಲಿಗ್ರಾಮ ಅಂದರೆ ಎರಡನೆಯ ಪ್ರಶ್ನೆ ಬರುತ್ತದೆ: "ಅಲ್ಲಿ ಯಾರ ಪೈಕಿ?" ಮೂರನೆಯದು ಮುಗಿಯುವಷ್ಟರಲ್ಲಿ ಒಂದೋ ನೆಂಟಸ್ತನ ಸಿಕ್ಕಿರುತ್ತದೆ, ಇಲ್ಲವೇ ನಮ್ಮ ತಾತನಿಗೂ ಅವರ ತಾತನಿಗೂ ನಡೆದ ಗದ್ದೆ ಬದುವಿನ ವ್ಯಾಜ್ಯ ಸಿಕ್ಕಿರುತ್ತದೆ. ಎರಡರಲ್ಲಿ ಯಾವುದು ಸಿಕ್ಕರೂ ಇಳಿಯುವ ತನಕ ಮಾತಿಗೆ ಬರವಿಲ್ಲ.

ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು ನಾನು. ಪ್ರಯಾಣದಲ್ಲಿ ಹಳಬರು ಅಕಸ್ಮಾತ್ತಾಗಿ ಸಿಕ್ಕರು ಎಂದು ಜನ ಹೇಳುವ ಕತೆಗಳೆಂದರೆ ನನಗೆ ಆಸೆ. ಕೇಳುತ್ತಾ ಕೇಳುತ್ತಾ ಒಂದು ಗುಮಾನಿ ಹುಟ್ಟಿದೆ. ಆ ಕತೆಗಳಲ್ಲಿ ಅಕಸ್ಮಾತ್ತಿನ ಪಾಲು ಕಡಿಮೆ. ಹಿಂದೆ ದಾರಿಗಳಿದ್ದದ್ದೇ ಕೆಲವು. ಹೊಳೆ ದಾಟುವ ಕಡವು, ತಂಗುವ ಛತ್ರ, ಸೇರುವ ಸಂತೆ, ಜಾತ್ರೆ ಎಲ್ಲವೂ ಗೊತ್ತಾದ ಜಾಗಗಳು. ಸಿಕ್ಕೇ ಸಿಗುವಂಥ ದಾರಿಯಲ್ಲಿ ನಡೆದು, ಸಿಕ್ಕವರನ್ನು ಬಿಡದೆ ವಿಚಾರಿಸುತ್ತಿದ್ದರು. ಹಾಗಾಗಿ ಹಳಬರು ಸಿಗುತ್ತಿದ್ದರು. ಸಾಲಿಗ್ರಾಮದ ಚರಿತ್ರೆ ಶುರುವಾಗುವುದೇ ಇಂಥ ಭೇಟಿಯಿಂದ ಎನ್ನುವುದು ನನ್ನ ವಾದ.

ಯಾವ ಸಾಲಿಗ್ರಾಮ ಎಂದು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಊರ ಹೆಸರು ಹೇಳಿದರೆ ಹತ್ತಕ್ಕೆ ಎಂಟು ಜನ "ಓ, ಕಾರಂತರ ಸಾಲಿಗ್ರಾಮವೋ?" ಅನ್ನುತ್ತಾರೆ. ಅದು ಉಡುಪಿ ಜಿಲ್ಲೆಯದು, ಗುರುನರಸಿಂಹನ ಊರು. ನಮ್ಮದು ಮೈಸೂರು ಜಿಲ್ಲೆಯದು. ಹಿಂದೆ ಎಡತೊರೆ ತಾಲ್ಲೂಕಿನಲ್ಲಿತ್ತು. ಕಾವೇರಿ ಪ್ರವಾಹದ ಕಾಟ ತಡೆಯಲಾರದೆ ನಾಲ್ವಡಿಯವರ ಕಾಲದಲ್ಲಿ ಎಡತೊರೆಯ ಪಕ್ಕ ಹೊಸ ಊರು ಕಟ್ಟಿದ ಮೇಲೆ ಕೃಷ್ಣರಾಜನಗರ ತಾಲ್ಲೂಕಾಯಿತು. ಈಚೆಗೆ ಸಾಲಿಗ್ರಾಮವೇ ಒಂದು ತಾಲ್ಲೂಕು. ಸುತ್ತ ಭತ್ತದ ಗದ್ದೆ, ಊರೊಳಗೆ ಅನಂತನಾಥನ ಬಸದಿ, ಯೋಗಾನರಸಿಂಹನ ಗುಡಿ, ರಾಮಾನುಜರ ಗುಡಿ, ಶ್ರೀಪಾದತೀರ್ಥದ ಕೊಳ. ಆ ಕೊಳದ ಕತೆಗೆ ಬರಬೇಕಾದರೆ ಶ್ರೀರಂಗದಿಂದ ಹೊರಡಬೇಕು.

ಶ್ರೀವೈಷ್ಣವರ ಗುರುಪರಂಪರೆಯ ಗ್ರಂಥಗಳು, ಮುಖ್ಯವಾಗಿ ಪಿನ್ಬಳಗಿಯ ಪೆರುಮಾಳ್ ಜೀಯರ ಆರಾಯಿರಪ್ಪಡಿ, ಹೇಳುವ ಕತೆ ಇದು. ಶಿವನಿಗಿಂತ ಮಿಗಿಲಿಲ್ಲ ಎಂದು ಬರೆದುಕೊಡಿ ಎಂಬ ಚೋಳ ದೊರೆಯ ಆಜ್ಞೆ ರಾಮಾನುಜರಿಗೆ ಬರುತ್ತದೆ. ಶಿಷ್ಯ ಕೂರೇಶ ಗುರುವಿನ ಕಾವಿ ಉಟ್ಟು ಗುರುವಿನ ಹೆಸರಿನಲ್ಲಿ ಅರಮನೆಗೆ ಹೋಗುತ್ತಾನೆ. ರಾಮಾನುಜರು ಕೂರೇಶನ ಬಿಳಿ ಬಟ್ಟೆ ಉಟ್ಟು ಕೆಲವೇ ಶಿಷ್ಯರೊಂದಿಗೆ ಪಡುವಣಕ್ಕೆ ಹೊರಟುಬಿಡುತ್ತಾರೆ. ಕಾಡು, ಮಳೆ, ದಿನಗಟ್ಟಲೆ ಉಪವಾಸ. ನೀಲಗಿರಿಯ ತಪ್ಪಲಲ್ಲಿ ಒಂದು ರಾತ್ರಿ ಬೇಡರ ಬೆಂಕಿ ಕಾಣುತ್ತದೆ.

ಬೇಡರು ಬಂದವರನ್ನು ಕೇಳುವುದು ನಮ್ಮ ಬಸ್ಸಿನ ಪ್ರಶ್ನೆಯನ್ನೇ: ಎಲ್ಲಿಂದ ಬಂದಿರಿ? ಶ್ರೀರಂಗದಿಂದ ಎಂದು ತಿಳಿದ ಕೂಡಲೇ, ನಮ್ಮ ಗುರುಗಳು ಕ್ಷೇಮವೇ ಎಂದು ವಿಚಾರಿಸುತ್ತಾರೆ. ಅವರಿಗೆ ಉಪದೇಶ ಮಾಡಿದ್ದ ನಲ್ಲಾನ್ ಎಂಬಾತ ರಾಮಾನುಜರ ಶಿಷ್ಯ. ಗುರುವಿನ ಗುರು ಬಿಳಿ ಪಂಚೆಯುಟ್ಟು, ನೆಂದು ಮುದ್ದೆಯಾಗಿ, ಎದುರಿಗೇ ಕೂತಿದ್ದಾರೆ. ಬೇಡರು ಬೆಂಕಿ ಹೆಚ್ಚಿಸಿ, ಜೇನು ಮತ್ತು ನವಣೆ ಕೊಟ್ಟು, ಬೆಳಗಾದ ಮೇಲೆ ಒಬ್ಬ ಬ್ರಾಹ್ಮಣನ ಮನೆಗೆ ಮುಟ್ಟಿಸುತ್ತಾರೆ.

ಆ ಮನೆಯಲ್ಲಿ ನಡೆಯುವುದೇ ಇಡೀ ಕತೆಯಲ್ಲಿ ನನಗೆ ಇಷ್ಟವಾದ ಭಾಗ. ಮನೆಯಾತ ಇಲ್ಲ, ಹೆಂಡತಿ ಮಾತ್ರ ಇದ್ದಾಳೆ. ಕೊಂಗುನಾಡಿನವಳಾದ್ದರಿಂದ ಗ್ರಂಥಗಳು ಅವಳನ್ನು ಕೊಂಗು ಪಿರಾಟ್ಟಿ ಎನ್ನುತ್ತವೆ. ಊಟಕ್ಕೆ ಏಳಿ ಎಂದರೆ ಬಂದವರು ಅನುಮಾನಿಸುತ್ತಾರೆ. ಗೊತ್ತಿಲ್ಲದ ಮನೆ, ಎಂಥವರ ಕೈ ಅಡುಗೆಯೋ! ಆಗ ಅವಳು ತನ್ನ ಕತೆ ಹೇಳುತ್ತಾಳೆ. ಹಿಂದೊಮ್ಮೆ ನಾಡಿಗೆ ಬರ ಬಂದಾಗ ಗಂಡನೊಂದಿಗೆ ಶ್ರೀರಂಗಕ್ಕೆ ಹೋಗಿ ಕೆಲಕಾಲ ಇದ್ದಳು. ಬೀದಿಯಲ್ಲಿ ಭಿಕ್ಷೆಗೆ ಬರುತ್ತಿದ್ದ ಯತಿಯ ಕಾಲಿಗೆ ಊರಿಗೆ ಊರೇ ಬೀಳುವುದನ್ನು ಕಂಡು, ಏನಿದೆ ಇವರಲ್ಲಿ ಎಂದು ಕೇಳಿ, ಉಪದೇಶ ಪಡೆದಳು. ಮಳೆಯಾಗಿ ಊರಿಗೆ ಹೊರಡುವಾಗ ಅವರ ಪಾದುಕೆಯನ್ನೂ ಕೇಳಿ ತಂದಳು.

ರಾಮಾನುಜರು ತಾನೇ ಅವರು ಎಂದು ಬಾಯಿ ಬಿಡುವುದಿಲ್ಲ. ತಲೆ ತಪ್ಪಿಸಿಕೊಂಡು ಬಂದವರು, ಹೇಗೆ ಬಿಟ್ಟಾರು? ಅಡುಗೆ ಆದ ಮೇಲೆ ಅವಳು ಏನು ಮಾಡುತ್ತಾಳೋ ನೋಡು ಎಂದು ಶಿಷ್ಯನೊಬ್ಬನಿಗೆ ಹೇಳುತ್ತಾರೆ. ಅವಳು ಒಳಗೆ ಪಾದುಕೆಯ ಮುಂದೆ ಕೂತಿರುತ್ತಾಳೆ. ಆ ಯತಿ ನಮ್ಮಲ್ಲಿ ಇದ್ದಾರೋ ನೋಡಮ್ಮಾ ಎಂದಾಗ ದೀಪ ಹಿಡಿದು ಸಾಲಾಗಿ ಕೂತವರ ಕಾಲುಗಳನ್ನು ಒಂದೊಂದಾಗಿ ನೋಡುತ್ತಾ ಬರುತ್ತಾಳೆ. ಒಬ್ಬರ ಕಾಲ ಬಳಿ ನಿಲ್ಲುತ್ತಾಳೆ. ಕಾಲೇನೋ ಅವರದೇ, ಆದರೆ ಬಟ್ಟೆ ಬಿಳಿ ಇದೆಯಲ್ಲ ಎನ್ನುತ್ತಾಳೆ.

ಅಷ್ಟು ದಿನ ಪೂಜೆ ಮಾಡಿದ್ದು ಪಾದುಕೆಯನ್ನು. ಹಾಗಾಗಿ ಮುಖಕ್ಕಿಂತ ಕಾಲಿನ ಅಳತೆ ಅವಳಿಗೆ ಚೆನ್ನಾಗಿ ಗೊತ್ತು. ಗುರುತು ಹಿಡಿದರೂ ಬಟ್ಟೆಯ ಬಣ್ಣದ ಅನುಮಾನವನ್ನು ಬಿಡದೆ ಹೇಳಿದಳಲ್ಲ, ಅಲ್ಲಿ ನನಗೆ ಈ ಕತೆ ಕಟ್ಟಿದ್ದಲ್ಲ, ಯಾವುದೋ ಒಂದು ಮನೆಯಲ್ಲಿ ನಡೆದದ್ದೇ ಇರಬೇಕು ಅನಿಸುತ್ತದೆ. ಇದು ಪುರಾವೆಯಲ್ಲ, ಮೇಷ್ಟರ ಚಪಲ.

ಅಲ್ಲಿಂದ ಮುಂದೆ ಅವರು ಬಂದದ್ದು ನಮ್ಮ ಮಿರ್ಲೆ, ಸಾಲಿಗ್ರಾಮಕ್ಕೆ. ಇಲ್ಲಿ ಹಳಬರು ಯಾರೂ ಸಿಗಲಿಲ್ಲ, ಊರಿನವರು ಹತ್ತಿರ ಸೇರಿಸಲೂ ಇಲ್ಲ. ಆಗ ರಾಮಾನುಜರು ಸೋದರಳಿಯನೂ ಶಿಷ್ಯನೂ ಆದ ಮುದಲಿಯಾಂಡಾನನಿಗೆ, ಊರವರು ನೀರಿಗೆ ಬರುವ ಕಡೆ ಕಾಲು ಅದ್ದಿ ಕೂರಲು ಹೇಳಿದರಂತೆ. ಆ ನೀರು ಮುಟ್ಟಿದ ಮೇಲೆ ಊರಿನ ಮನಸ್ಸು ತಿರುಗಿತು. ಅದೇ ಶ್ರೀಪಾದತೀರ್ಥ. ಊರಿನ ವಡುಗನಂಬಿ, ಅಂದರೆ ಆಂಧ್ರಪೂರ್ಣ, ಶಿಷ್ಯನಾಗಿ ಜೊತೆಗೇ ಹೊರಟದ್ದೂ ಆಗಲೇ. ಈ ವಡುಗನಂಬಿ ದೇವರಿಗಿಂತ ಗುರುವನ್ನೇ ಹೆಚ್ಚೆಂದು ತಿಳಿದವನು. ಶ್ರೀರಂಗದಲ್ಲಿ ಉತ್ಸವ ಬೀದಿಗೆ ಬಂದಿದೆ, ಬಾ ಎಂದು ರಾಮಾನುಜರೇ ಕರೆದರೂ, ನಿಮ್ಮ ದೇವರನ್ನು ನೋಡಲು ಬಂದರೆ ನನ್ನ ದೇವರ ಹಾಲು ಉಕ್ಕಿಹೋಗುತ್ತದೆ ಎಂದು ಒಲೆ ಮುಂದೆಯೇ ಕೂತಿದ್ದನಂತೆ. ಗುರು ತೀರಿಕೊಂಡ ಮೇಲೆ ಮತ್ತೆ ಸಾಲಿಗ್ರಾಮಕ್ಕೆ ಬಂದು ಉಳಿದ ಕಾಲ ಕಳೆದ ಎನ್ನುತ್ತಾರೆ.

ಚರಿತ್ರೆಯ ಮೇಷ್ಟರಾಗಿ ಎರಡು ಮಾತು. ಚೋಳನಿಂದ ತಪ್ಪಿಸಿಕೊಂಡು ಬಂದವರು ಚೋಳರ ಕೈ ಚಾಚದ ಕಡೆಗೆ ಬಂದರು ಎಂದು ಮಕ್ಕಳು ಬರೆಯುತ್ತಿದ್ದರು. ಅಷ್ಟು ಸಲೀಸಲ್ಲ. ಸುಮಾರು 1004ರಲ್ಲಿ ಚೋಳರ ಸೈನ್ಯ ಚಂಗಾಳ್ವರೊಂದಿಗೆ ಕಾದಾಡಿದ ಪನಸೋಗೆ ನಮ್ಮ ತಾಲ್ಲೂಕಿನ ಹನಸೋಗೆಯೇ. ಆ ಯುದ್ಧದಲ್ಲಿ ಚೋಳರ ಪರ ಹೋರಾಡಿದ ಮನಿಜ ಎಂಬವನಿಗೆ ರಾಜರಾಜ ಚೋಳ ಕ್ಷತ್ರಿಯಶಿಖಾಮಣಿ ಕೊಂಗಾಳ್ವ ಎಂಬ ಬಿರುದು ಕೊಟ್ಟು ಮಾಳವ್ವಿ ಎಂಬ ಊರು ಬಿಟ್ಟುಕೊಟ್ಟ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡನ್ನು ಚೋಳರಿಂದ ಕಸಿದದ್ದು 1116ರ ಸುಮಾರಿಗೆ. ಹಾಗಾದರೆ ಇಲ್ಲಿಗೆ ಬಂದ ರಾಮಾನುಜರು ಎಷ್ಟು ನಿರ್ಭಯರಾಗಿದ್ದರು? ಸಂಪ್ರದಾಯದ ಇಸವಿಗಳಿಗೂ ಶಾಸನದ ಇಸವಿಗಳಿಗೂ ಕೂಡಿಬರುವುದು ಕಷ್ಟ. ನನ್ನ ಮಟ್ಟಿಗೆ, ಅವರು ಆರಿಸಿಕೊಂಡದ್ದು ದೊರೆಯ ಗಡಿಯನ್ನಲ್ಲ, ಶಿಷ್ಯರ ಸಾಲನ್ನು. ಬೇಡರು ನಲ್ಲಾನನ ಕಡೆಯವರು, ಮುಂದೆ ಕೊಂಗಿನ ಹೆಂಗಸು, ತೊಣ್ಣೂರಿನಲ್ಲಿ ತೊಂಡನೂರು ನಂಬಿ. ಹಿಂದೆ ಯಾವತ್ತೋ ಶ್ರೀರಂಗಕ್ಕೆ ಬಂದುಹೋದವರ ಮನೆಗಳನ್ನು ಮುಟ್ಟುತ್ತಾ ನಡೆದರೆ ದಾರಿ ಹೀಗೇ ಸಾಗುತ್ತದೆ. ಆಕಸ್ಮಿಕ ಎಂದು ಗ್ರಂಥಗಳು ಹೇಳುವುದನ್ನು ನಾನು ಅರ್ಧ ನಂಬುತ್ತೇನೆ.

ನಮ್ಮ ಕಡೆ ಹಳಬರು ಸಿಗುವ ಇನ್ನೊಂದು ಗೊತ್ತಾದ ಜಾಗ ಚುಂಚನಕಟ್ಟೆ. ಕಾವೇರಿ ಧುಮುಕುವ ಕಡೆ ಕೋದಂಡರಾಮನ ಗುಡಿ. ಅಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ, ನೋಡಿದವರಿಗೆ ಗೊತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಜೋಡಿಗಳಿಗೆ ಹೆಸರಾದ ಜಾತ್ರೆ. ನಾನು ಹುಡುಗನಾಗಿದ್ದಾಗ ಇಂಥ ಊರಿನವರು ಇಂಥ ಮರದ ಕೆಳಗೇ ದನ ಕಟ್ಟುವುದು ಎಂದಿತ್ತು. ವಿಳಾಸ ಕೇಳಬೇಕಿಲ್ಲ, ಮರ ನೋಡಿಕೊಂಡು ಹೋದರೆ ಜನ ಸಿಗುತ್ತಿದ್ದರು.

ಒಂದು ವರ್ಷ ಅಪ್ಪ ಅಕ್ಕನ ಮದುವೆಗೆಂದು ಒಂದು ಜೋಡಿ ಮಾರಿದ್ದರು. ಬೆಲೆ ಆದದ್ದು ಟವೆಲ್ಲಿನ ಒಳಗೆ. ದಲ್ಲಾಳಿ ಇಬ್ಬರ ಬೆರಳನ್ನೂ ಹಿಡಿದು ಒತ್ತಿ, ಬಿಟ್ಟು, ಮತ್ತೆ ಹಿಡಿದು ವ್ಯಾಪಾರ ಮುಗಿಸುತ್ತಾನೆ. ಸುತ್ತ ನಿಂತವರಿಗೆ ಅಂಕಿ ಗೊತ್ತಾಗಬಾರದು. ಅಪ್ಪನ ಕಣ್ಣೂ ಕೊಂಡವನ ಕಣ್ಣೂ ಟವೆಲ್ಲಿನ ಮೇಲೆಯೇ ಇದ್ದದ್ದರಿಂದ ಒಬ್ಬರ ಮುಖ ಒಬ್ಬರಿಗೆ ನೆನಪುಳಿಯಲಿಲ್ಲ. ಕೆಲವು ವರ್ಷ ಕಳೆದು ಅದೇ ಜಾತ್ರೆಯಲ್ಲಿ ಸಾಲಿನ ನಡುವೆ ನಾವು ಹೋಗುತ್ತಿದ್ದಾಗ ಒಂದು ಎತ್ತು ಹುಲ್ಲು ಬಿಟ್ಟು ತಲೆಯೆತ್ತಿತು. ಅಪ್ಪ ಎಂದಿನಂತೆ ಯಾರನ್ನೋ ಬೈಯುತ್ತಾ ಬರುತ್ತಿದ್ದರು, ದನಿ ಕೇಳಿರಬೇಕು. ಹಗ್ಗ ಜಗ್ಗಿ ಮುಂದೆ ಬಂದು ಅವರ ಭುಜಕ್ಕೆ ಮೂತಿ ಒರೆಸಿತು. ಅಪ್ಪ ಮೊದಲು ಅದರ ಬಲಗಿವಿಯ ಸೀಳು ನೋಡಿದರು, ಆಮೇಲೆ ಬೆನ್ನಿನ ಸುಳಿ ಸವರಿದರು, ಬಾಯಿ ತೆರೆಸಿ ಹಲ್ಲೂ ನೋಡಿದರು. ಮಾರಿದಾಗ ನಾಲ್ಕು ಹಲ್ಲಿದ್ದ ಹೋರಿ ಈಗ ಬಾಯಿಗೂಡಿದ ಎತ್ತು.

"ಏನಣ್ಣ, ನಮ್ಮ ಎತ್ತಿನ ಬಾಯಿಗೆ ಕೈ ಹಾಕ್ತಿದ್ದೀಯಲ್ಲ, ಕೊಳ್ಳೋನಾ?" ಅಂತ ಯಜಮಾನ ಎದ್ದು ಬಂದ.

"ಕೊಳ್ಳೋನಲ್ಲಪ್ಪ, ಮಾರ್ದೋನು" ಅಂದರು ಅಪ್ಪ.

ಅರಕಲಗೂಡು ಕಡೆಯ ರೈತ. ಹುರುಳಿ ಬೇಯಿಸಿದ ಬಾಣಲೆಯ ಪಕ್ಕ ಇಬ್ಬರೂ ಕೂತು ಯಾವೂರು, ಯಾರ ಪೈಕಿ ಎಲ್ಲ ಮುಗಿಸಿದರು. ಜೊತೆ ಎತ್ತು ಏನಾಯಿತು ಎಂದು ಅಪ್ಪ ಕೇಳಿದರು. ಹಾವು ಕಚ್ಚಿ ಸತ್ತಿತ್ತು. ಆಮೇಲೆ ಆತ ನಮ್ಮ ಎರಡನೇ ಅಕ್ಕನ ಮದುವೆಗೆ ಅರ್ಧ ಮೂಟೆ ಆಲೂಗಡ್ಡೆ ಹೊರಿಸಿಕೊಂಡು ಬಂದ. ಊಟದ ಸಾಲಿನಲ್ಲಿ ಅಪ್ಪ ಅವನನ್ನು ಬೀಗರಿಗೆ ಪರಿಚಯ ಮಾಡಿಸಿದ್ದು "ನಮ್ ಎತ್ತಿನ ಕಡೆಯೋರು" ಎಂದು.

ಇಲ್ಲಿಯ ತನಕ ನಾನು ಪ್ರಶ್ನೆಯ ಒಳ್ಳೆಯ ಮುಖ ಹೇಳಿದೆ. ಯಾರ ಪೈಕಿ ಎಂದು ಕೇಳುವವರಿಗೆ ಬೇಕಾದದ್ದು ಬರಿಯ ನೆಂಟಸ್ತನವಲ್ಲ, ಜಾತಿ. ನೇರ ಕೇಳಲು ಸಂಕೋಚವಾದರೆ ಮನೆಯ ಗುರುತು ಕೇಳುತ್ತಾರೆ: ಮೇಲಿನ ಬೀದಿಯೋ, ಕೆಳಗಿನ ಬೀದಿಯೋ? ಕೊಂಗಿನ ಹೆಂಗಸಿನ ಮನೆಯಲ್ಲಿ ಹಸಿದವರು ತಟ್ಟೆಯ ಮುಂದೆ ಅನುಮಾನಿಸಿದ್ದೂ ಇದೇ ಕಾರಣಕ್ಕೆ. ಜೇನು, ನವಣೆ ಕೊಟ್ಟ ಬೇಡರು ಅವರನ್ನು ಬ್ರಾಹ್ಮಣನ ಮನೆಯೇ ಹುಡುಕಿ ಮುಟ್ಟಿಸಿದ್ದೂ ಇದೇ ಕಾರಣಕ್ಕೆ. ಮೇಲುಕೋಟೆಯಲ್ಲಿ ರಾಮಾನುಜರು ಹೊಲೆಯರನ್ನು ತಿರುಕುಲದವರೆಂದು ಕರೆದು ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಡುವ ಕಟ್ಟಲೆ ಮಾಡಿದರು ಎಂದು ಪಾಠದಲ್ಲಿ ಹೇಳುತ್ತಿದ್ದೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಮೂರು ದಿನವನ್ನು ಹೊಗಳುವ ನಾವು ಉಳಿದ ದಿನಗಳ ಲೆಕ್ಕ ಹಾಕುವುದಿಲ್ಲ.

ರೈಲು, ಬಸ್ಸು ಬಂದ ಮೇಲೆ ಬಗೆಬಗೆಯ ಜನ ಒಂದೇ ಹಲಗೆಯ ಮೇಲೆ ಕೂರಬೇಕಾಯಿತು. ಮೈಸೂರಿನಿಂದ ಎಡತೊರೆ, ಹಾಸನದ ಮೇಲೆ ಅರಸೀಕೆರೆಗೆ ಮೀಟರ್ ಗೇಜ್ ರೈಲು ಓಡಿದ್ದು 1918ರ ಹೊತ್ತಿಗೆ. ಮೈಸೂರು ಸರ್ಕಾರ ತಾನೇ ಬಸ್ಸು ಬಿಟ್ಟದ್ದು 1948ರಲ್ಲಿ. ಜನ ಬೆರೆತರು, ಪ್ರಶ್ನೆ ಮಾತ್ರ ಹಾಗೇ ಬಸ್ಸು ಹತ್ತಿತು.

ಅರಸೀಕೆರೆಗೆ ಹೋಗುವ ಪ್ಯಾಸೆಂಜರಿನಲ್ಲಿ ಒಮ್ಮೆ ಎದುರಿನ ಸೀಟಿನಲ್ಲಿ ಇಸ್ತ್ರಿ ಅಂಗಿಯ ಒಬ್ಬ ಕೂತಿದ್ದ. ಪಕ್ಕದ ಹಿರಿಯರು ಎಂದಿನಂತೆ ಶುರು ಮಾಡಿದರು. ಯಾವೂರಪ್ಪ? ಅವನು ಮೈಸೂರು ಎಂದ. ಮೈಸೂರಲ್ಲಿ ಎಲ್ಲಿ? ಕುವೆಂಪುನಗರ. ಮೂಲ ಯಾವೂರು? ಮೈಸೂರೇ, ಎಂದು ಕಿಟಕಿ ಕಡೆ ತಿರುಗಿದ. ಅವನು ನನ್ನ ಶಿಷ್ಯ. ಸಾಲಿಗ್ರಾಮಕ್ಕೆ ನಡೆದು ಬರುವಷ್ಟು ಹತ್ತಿರದ ಹಳ್ಳಿಯವನು. ಹತ್ತನೇ ತರಗತಿಯಲ್ಲಿ ಹೊಯ್ಸಳರ ವಂಶಾವಳಿಯನ್ನು ತಪ್ಪಿಲ್ಲದೆ ಬರೆದಿದ್ದವನು. ಎಡಹುಬ್ಬಿನ ಮೇಲೆ ಮಚ್ಚೆ. ನನ್ನನ್ನು ಅವನೂ ಗುರುತು ಹಿಡಿದಿದ್ದ. ನಾನು ಬಾಯಿ ಬಿಟ್ಟರೆ ಊರಿನ ಹೆಸರು ಹೊರಬೀಳುತ್ತದೆ. ಹೊಳೆನರಸೀಪುರ ಬಂತು, ಹಾಸನ ಬಂತು, ಇಬ್ಬರೂ ಕಡಲೆಕಾಯಿ ತಿಂದೆವು, ಮಾತಾಡಲಿಲ್ಲ.

ಅರಸೀಕೆರೆಯಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದಾಗ ಎರಡು ಲೋಟ ಕಾಫಿ ಹಿಡಿದು ಬಂದ.

"ಸಾರ್, ತಪ್ಪು ತಿಳ್ಕೋಬೇಡಿ. ಅವರು ಮೂರನೇ ಪ್ರಶ್ನೆ ಕೇಳೋಕೆ ಮುಂಚೆ ನಾನು ಊರೇ ಬದಲಾಯಿಸ್ಬಿಡ್ತೀನಿ."

ತಪ್ಪು ತಿಳಿಯುವುದಕ್ಕೆ ಏನಿತ್ತು? ಗಾಡಿ ತಡವಾದ್ದರಿಂದ ಒಳ್ಳೆಯದೇ ಆಯಿತು. ತರಗತಿಯ ಒಬ್ಬೊಬ್ಬರ ಹೆಸರೂ ತೆಗೆದು ಯಾರು ಎಲ್ಲಿದ್ದಾರೆ ಎಂದು ಮಾತಾಡಿದೆವು. ಅವನು ಕೇಳಿದ ಕೆಲವು ಹೆಸರು ನನಗೆ ನೆನಪಿರಲಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸ, ಒಬ್ಬಳೇ ಮಗಳು. ಅವಳಿಗೆ ಊರು ತೋರಿಸಿಲ್ಲ ಎಂದ. ಕಪ್ಪಡಿ ಜಾತ್ರೆಗಾದರೂ ಕರೆದುಕೊಂಡು ಬಾರಪ್ಪ ಎಂದೆ.

ಕಪ್ಪಡಿ ನಮ್ಮ ಕಾವೇರಿ ದಂಡೆಯದೇ ಕ್ಷೇತ್ರ. ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿ, ಚನ್ನಾಜಮ್ಮನ ಗದ್ದುಗೆ ಇರುವ ಕಡೆ. ಶಿವರಾತ್ರಿಗೆ ಶುರುವಾದರೆ ಸುಮಾರು ಒಂದು ತಿಂಗಳು ಜಾತ್ರೆ. ಒಕ್ಕಲಿನವರು ಹೊಳೆಯ ದಂಡೆಯಲ್ಲಿ ಬಿಡಾರ ಹೂಡುತ್ತಾರೆ, ನೀಲಗಾರರು ತಂಬೂರಿ ಮೀಟಿ ರಾತ್ರಿಯಿಡೀ ಕತೆ ಹಾಡುತ್ತಾರೆ. ಈ ನೀಲಗಾರರ ನೆನಪಿನ ಶಕ್ತಿ ದೊಡ್ಡದು. ಜೋಳಿಗೆ ಹಾಕಿಕೊಂಡು ಊರೂರು ತಿರುಗಿದವರು. ಯಾವ ಮನೆಯ ಬಾಗಿಲಲ್ಲಿ ಏನು ಸಿಕ್ಕಿತು ಎಂಬ ಲೆಕ್ಕ ಅವರ ತಲೆಯಲ್ಲಿರುತ್ತದೆ. ಕಂದಾಯ ಇಲಾಖೆಯ ಪಹಣಿಗಿಂತ ನಾನು ಅವರನ್ನು ಹೆಚ್ಚು ನಂಬುತ್ತೇನೆ.

ಅವನು ಮಗಳನ್ನು ಕರೆದುಕೊಂಡು ಬಂದ. ಗದ್ದುಗೆಗೆ ಕೈಮುಗಿದು ಬಿಡಾರಗಳ ನಡುವೆ ಬರುವಾಗ ಮುದುಕ ನೀಲಗಾರರೊಬ್ಬರು ತಂಬೂರಿಯ ತಂತಿ ಬಿಗಿಯುತ್ತಾ ಕೂತಿದ್ದರು. ಇವನನ್ನು ಕರೆದು ಯಾವೂರು ಎಂದು ಕೇಳಿದರು. ಅಲ್ಲಿ ಅವನು ಊರು ಬದಲಾಯಿಸಲಿಲ್ಲ.

"ಹುಣಸೆಮರದ ಮಗ್ಗುಲ ಮನೆನಾ? ಮುದುಕಿ ಇತ್ತಲ್ಲ, ಒಂದು ಕಣ್ಣು ಕಾಣ್ತಿರಲಿಲ್ಲ?"

ಅವನ ಅಜ್ಜಿ. ಮಗಳು ಹುಟ್ಟುವ ಮೊದಲೇ ಹೋದವಳು. ಹುಡುಗಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಹುಬ್ಬಳ್ಳಿಯ ಕನ್ನಡದಲ್ಲಿ, ನಮ್ಮ ಮುತ್ತಜ್ಜಿ ನಿಮಗ ಏನು ಕೊಡ್ತಿದ್ಲ್ರೀ ಎಂದು ಕೇಳಿದಳು.

"ರಾಗಿ ಕೊಡ್ತಿತ್ತು ಕವ್ವಾ" ಎಂದರು ಅವರು. "ತಡವಾಗಿ ಹೋದ್ರೆ ಬೈಗುಳನೂ ಕೊಡ್ತಿತ್ತು."